ಆಕಳ ಕಣ್ಣಿನ ಭೀಮರಾಜ

ಕೊಟ್ಟೂರಿನ ಪಾಲಾಕ್ಷಪ್ಪ ಇಷ್ಟು ವರ್ಷದಲ್ಲಿ ಬರೆದ ಆಕಳುಗಳನ್ನೆಲ್ಲ ತಂದು ಒಂದೇ ಕಡೆ ಕಟ್ಟಿದ್ದರೆ ಐದು ತಾಲೂಕಿಗೆ ಹಾಲು ಸಾಕಾಗಿ ಮೊಸರಿಗೂ ಉಳಿಯುತ್ತಿತ್ತು. ಅವು ಹಾಲು ಕೊಡುವ ಆಕಳುಗಳಲ್ಲವಾದ್ದರಿಂದ ಟ್ರ್ಯಾಕ್ಟರ್ ಟ್ರೇಲರುಗಳ ಹಿಂದೆ ಕರುವಿನ ಮೈ ನೆಕ್ಕುತ್ತ, ಕೂಡ್ಲಿಗಿಯಿಂದ ಹಡಗಲಿಯವರೆಗೆ ಧೂಳು ತಿನ್ನುತ್ತ ಓಡಾಡುತ್ತಿದ್ದವು. ಪಾಲಾಕ್ಷಪ್ಪನಿಗೆ ಬರುತ್ತಿದ್ದದ್ದು ನಾಲ್ಕೇ ಚಿತ್ರ: ಆಕಳು ಮತ್ತು ಕರು, ಕೊಡ ಹೊತ್ತ ಹೆಂಗಸು, ಎದುರುಬದುರು ನಿಂತ ಎರಡು ಸಿಂಹ, ಒಂದು ಹದ್ದು. ಅದರಲ್ಲೂ ಆಕಳ ಕಣ್ಣಿಗೆ ಅವನು ಹೆಸರುವಾಸಿ. ಆ ಕಣ್ಣು ನೋಡಿದರೆ ಹಿಂದಿನ ಲಾರಿಯವನು ಹಾರ್ನ್ ಹೊಡೆಯಲಿಕ್ಕೂ ಸಂಕೋಚಪಡುತ್ತಾನೆ ಎಂದು ಜನ ಹೇಳುತ್ತಿದ್ದರು. ಜನ ಅಂದರೆ ಮುಖ್ಯವಾಗಿ ಪಾಲಾಕ್ಷಪ್ಪನೇ.

ಇಂಥವನಿಗೆ ಮನುಷ್ಯರ ಮುಖ ಬರೆಯುವ ಉಸಾಬರಿ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಅದಕ್ಕೆಲ್ಲ ಕಾರಣ ಅವನ ಹೆಂಡತಿ ಶಾಂತಕುಮಾರಿಯ ತಮ್ಮ, ತೆಲಿಗಿಯ ಭೀಮರಾಜ. ಭೀಮರಾಜನಿಗೆ ನಲವತ್ತೊಂದು ವರ್ಷ. ಹೊಲ, ಟ್ರ್ಯಾಕ್ಟರ್, ನೀರು ಬತ್ತದ ಬೋರ್‌ವೆಲ್ ಎಲ್ಲ ಇತ್ತು, ಹೆಂಡತಿ ಒಬ್ಬಳು ಇರಲಿಲ್ಲ. ಈ ಕಾಲದಲ್ಲಿ ಒಕ್ಕಲುತನದ ಹುಡುಗರಿಗೆ ಹೆಣ್ಣು ಸಿಗುವುದೇ ಕಷ್ಟ, ಅದರ ಮೇಲೆ ಇವನ ಸಿಟ್ಟು ಮೂರು ಊರಿಗೆ ಗೊತ್ತಿತ್ತು. ಬೋರಿನ ಸ್ಟಾರ್ಟರ್ ಡಬ್ಬಿಗೆ ಬೀಗ ಹಾಕಿ, ಅದರ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡಿರುತ್ತಿದ್ದ. ಸ್ನಾನ ಮಾಡುವಾಗಲೂ ಆ ಕೀಲಿ ಅವನ ಜೊತೆಗೇ ಸ್ನಾನ ಮಾಡುತ್ತಿತ್ತು.

ಹಗರಿಬೊಮ್ಮನಹಳ್ಳಿಯಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ ಎಲ್ಲರೂ ಸೇರಿದ್ದಾಗ ಯಾರೋ ಶಾಂತಕುಮಾರಿಯನ್ನು ನಿಮ್ಮ ಯಜಮಾನರು ಏನು ಮಾಡುತ್ತಾರೆ ಎಂದು ಕೇಳಿದರು. ಅವಳು ಸೆರಗು ಸರಿಮಾಡಿಕೊಂಡು, ಚಿತ್ರಗಾರರು ಎಂದಳು. ಪಂಕ್ತಿಯಲ್ಲಿ ಕೂತಿದ್ದ ಭೀಮರಾಜ ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ, "ಟ್ರೇಲರ್ ಹಿಂದ ದನ ಬರಿಯೋನು ಚಿತ್ರಗಾರ ಆದ್ರ, ದನ ಕಾಯೋನು ದನದ ಡಾಕ್ಟ್ರು ಆಗಬೇಕಲ್ಲ" ಎಂದ. ಪಂಕ್ತಿ ಪೂರ್ತಿ ನಕ್ಕಿತು. ತವರಿನವರ ಮುಂದೆ ಶಾಂತಕುಮಾರಿಯ ಮುಖ ಸುಟ್ಟ ಬದನೆಕಾಯಿ ಆಯಿತು.

ಪಾಲಾಕ್ಷಪ್ಪ ಸಾಮಾನ್ಯವಾಗಿ ಮಾತು ನುಂಗಿಕೊಳ್ಳುವ ಮನುಷ್ಯ. ಅವತ್ತು ಹೆಂಡತಿಯ ಮುಖ ನೋಡಿದ ಮೇಲೆ ಅವನಿಗೆ ನುಂಗಲಾಗಲಿಲ್ಲ. ಎಂಜಲು ಕೈಯಲ್ಲೇ ಎದ್ದು ನಿಂತ.

"ನಿನ್ನ ಹೊಸಾ ಮನಿ ಗೃಹಪ್ರವೇಶಕ್ಕ ನಿಂದು, ನಿಮ್ಮವ್ವಂದು ಚಿತ್ರ ಬರ್ಕೊಂಡು ಬರ್ತೀನಿ. ಬರೇ ಮುಖ ಅಲ್ಲ, ಗುಣ ಬರೀತೀನಿ. ನೋಡಿದ ಮಂದಿ ತಾವಾಗೇ ಗುಣ ಹೇಳಬೇಕು. ಹೇಳಲಿಲ್ಲ ಅಂದ್ರ ಬ್ರಷ್ ನಿನ್ನ ಕೈಯಾಗ ಕೊಟ್ಟು, ಅವತ್ತಿಂದ ನಿನ್ನ ದನ ಕಾಯ್ತೀನಿ."

ಹೇಳಿದರೆ ಊರ ಮುಂದೆ ನಿಂತು ಚಿತ್ರಗಾರ ಅನ್ನುತ್ತೇನೆ ಎಂದು ಭೀಮರಾಜನೂ ಒಪ್ಪಿದ. ಒಪ್ಪಿ, ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಕೊಟ್ಟೂರಿಗೆ ಬಂದವನೇ ಪಾಲಾಕ್ಷಪ್ಪ ಕೈ ಪಳಗಲಿ ಎಂದು ಮೊದಲು ಹೆಂಡತಿಯನ್ನೇ ಕೂರಿಸಿಕೊಂಡ. ನಾಲ್ಕು ದಿನ ಎನಾಮೆಲ್ ಬಣ್ಣ ಸುರಿದ ಮೇಲೆ ಪ್ಲೈವುಡ್ಡಿನ ಮೇಲೆ ಮೂಡಿದ್ದು ಟ್ರೇಲರಿನ ಕೊಡ ಹೊತ್ತ ಹೆಂಗಸು. ಕೊಡ ಅಳಿಸಿದ್ದ, ಆದರೆ ಕೊಡ ಹಿಡಿದ ಕೈ ಹಾಗೇ ಮೇಲಿತ್ತು. ಶಾಂತಕುಮಾರಿ ಅದನ್ನು ಬಹಳ ಹೊತ್ತು ನೋಡಿ, ನಾನು ಯಾರಿಗೆ ಕೈ ಎತ್ತಿ ಟಾಟಾ ಮಾಡುತ್ತಿದ್ದೇನೆ ಎಂದು ಕೇಳಿ ಒಳಗೆ ಹೋದಳು.

ಸೋಲುವ ಜಾತಿಯಲ್ಲ ನಮ್ಮ ಪಾಲಾಕ್ಷಪ್ಪ. ಹಲಗೆಯನ್ನು ಬಗಲಲ್ಲಿ ಇಟ್ಟುಕೊಂಡು ನಿವೃತ್ತ ಡ್ರಾಯಿಂಗ್ ಮಾಸ್ತರು ಗುರುಬಸವರಾಜರ ಹತ್ತಿರ ಹೋದ. ಮಾಸ್ತರು ಕನ್ನಡಕ ಏರಿಸಿ, ಇಳಿಸಿ, ಕೊನೆಗೆ ತೆಗೆದೇ ಇಟ್ಟು ಉಪದೇಶ ಮಾಡಿದರು. ಮುಖ ಬರೆಯುವುದು ಕೈಯ ಕೆಲಸ, ಗುಣ ಬರೆಯುವುದು ಕಿವಿಯ ಕೆಲಸ. ಮನುಷ್ಯನ ಗುಣ ಗೊತ್ತಾಗಬೇಕಾದರೆ ಅವನ ಊರಿನ ನಾಲ್ಕು ಜನರನ್ನು ಕೇಳಬೇಕು ಎಂದರು. ಆ ಮಾತು ಪಾಲಾಕ್ಷಪ್ಪನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತು. ನಾಲ್ಕು ಜನ ಯಾಕೆ, ನಲವತ್ತು ಜನರನ್ನು ಕೇಳುತ್ತೇನೆ ಎಂದು ನಿರ್ಧರಿಸಿದ.

ಮರುದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಗಿಸಿ, ಬಗಲಲ್ಲಿ ನೋಟ್‌ಬುಕ್ ಹಿಡಿದು ತೆಲಿಗಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದ. ಎದುರಿಗೇ ಹುಲುಗಣ್ಣನ ಚಾದಂಗಡಿ. ಮಂಡಕ್ಕಿ ಮಿರ್ಚಿ ಹೇಳಿ, ಸುತ್ತ ನೋಡಿ, ದನಿ ತಗ್ಗಿಸಿ, ಭೀಮರಾಜನ ಗುಣ ಹೇಗೆ ಎಂದು ಕೇಳಿದ. ಸಿಟ್ಟು ಗಿಟ್ಟು ಇದೆಯೋ? ಮಂದಿಯ ಜೊತೆ ಹೊಂದಿಕೊಂಡು ಹೋಗುತ್ತಾನೋ? ತಾಯಿ ಜಂಬಕ್ಕ ಎಂಥವರು, ಬಾಯಿ ಜೋರೋ ಹೇಗೆ?

ಹುಲುಗಣ್ಣನ ಕೈಯಲ್ಲಿದ್ದ, ಮಿರ್ಚಿ ಎತ್ತುವ ಜಾರಿ ಸೌಟು ಎಣ್ಣೆಯ ಮೇಲೆಯೇ ನಿಂತಿತು. ಇಡೀ ಸೀಮೆಯಲ್ಲಿ ಬಿಳಿ ಅಂಗಿ ತೊಟ್ಟು ಒಬ್ಬ ಗಂಡಸಿನ ಗುಣವನ್ನೂ ಅವನ ತಾಯಿಯ ಬಾಯಿಯನ್ನೂ ಒಟ್ಟಿಗೆ ವಿಚಾರಿಸುವುದು ಒಂದೇ ಕಾರಣಕ್ಕೆ. ಅಂದರೆ ಭೀಮರಾಜನಿಗೆ ಹೆಣ್ಣು ಗೊತ್ತಾಗುತ್ತಿದೆ, ಕೊಟ್ಟೂರಿನ ಕಡೆಯ ಹೆಣ್ಣೇ ಇರಬೇಕು, ಹೆಣ್ಣಿನ ಕಡೆಯವರು ಭೀಮರಾಜನ ಮನೆಯ ಅಳಿಯನನ್ನೇ ಮುಂದೆ ಬಿಟ್ಟು ಖಾತ್ರಿ ಮಾಡಿಕೊಳ್ಳುತ್ತಿದ್ದಾರೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಊರಲ್ಲಿ ಹದಿನೇಳು ಹುಡುಗರು ಹೆಣ್ಣಿಲ್ಲದೆ ಕೂತಿದ್ದರು. ಭೀಮರಾಜನಂಥವನಿಗೇ ಹೆಣ್ಣು ಸಿಕ್ಕರೆ ಉಳಿದವರಿಗೆ ದಾರಿ ಹೆದ್ದಾರಿ ಆಗುತ್ತದೆ. ಹುಲುಗಣ್ಣ ಕೈ ಒರೆಸಿಕೊಂಡು ಬಂದು ಎದುರಿಗೆ ಕೂತ.

"ಭೀಮರಾಜನಾ? ಇರುವಿ ಮ್ಯಾಲೆ ಕಾಲಿಟ್ರ ಇರುವಿಗೇ ತಪ್ಪಾತು ಅನ್ನೋ ಮನಿಷಾ ರೀ."

ಹಿಂದಿನ ವಾರವಷ್ಟೇ ಚಾಗೆ ಸಕ್ಕರೆ ಹೆಚ್ಚಾಯಿತು ಎಂದು ಭೀಮರಾಜ ಗ್ಲಾಸನ್ನು ರಸ್ತೆಯಾಚೆ ಎಸೆದಿದ್ದ. ಆ ಗ್ಲಾಸಿನ ಚೂರು ಇನ್ನೂ ಅಲ್ಲೇ ಹೊಳೆಯುತ್ತಿತ್ತು. ಪಾಲಾಕ್ಷಪ್ಪ ಇರುವೆಯ ಮಾತನ್ನು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡ.

ಅಲ್ಲಿಂದ ಸುದ್ದಿ ಅವನಿಗಿಂತ ಮುಂದೆ ಮುಂದೆ ನಡೆಯಿತು. ಪಕ್ಕದ ಹೊಲದ ದುರುಗೇಶ್, ನೀರು ಬೇಕು ಅಂದರೆ ಸಾಕು ಭೀಮರಾಜ ಉಡದಾರದ ಕೀಲಿ ಬಿಚ್ಚಿ ಕೈಗೇ ಕೊಡುತ್ತಾನೆ ಎಂದ. ಇದೇ ದುರುಗೇಶನ ಮೆಕ್ಕೆಜೋಳ ಬೇಲಿಯಾಚೆ ಒಣಗಿ ನಿಂತಿತ್ತು. ಎದುರುಮನೆಯ ಹೆಂಗಸರು ಜಂಬಕ್ಕನಿಗೆ ಬಾಯಿ ಇದೆಯೋ ಇಲ್ಲವೋ ಅನ್ನುವುದೇ ತಮಗೆ ಈತನಕ ಗೊತ್ತಾಗಿಲ್ಲ ಎಂದರು. ಹಾಗೆ ಹೇಳುವ ಹೊತ್ತಿಗೆ ಜಂಬಕ್ಕ ಮೂರು ಓಣಿಯಾಚೆ ಕೋಳಿಗೆ ಬೈಯುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಹೆಂಗಸರು ಅದು ಟಿ.ವಿ. ಎಂದರು. ಪಾಲಾಕ್ಷಪ್ಪ ಅದನ್ನೂ ಬರೆದುಕೊಂಡ.

ಸಂಜೆಯ ಬಸ್ಸಿನಲ್ಲಿ ಕೂತಾಗ ಅವನ ಕಣ್ಣು ಒದ್ದೆಯಾಗಿತ್ತು. ಒಬ್ಬ ಸುಳ್ಳು ಹೇಳಬಹುದು, ಇಬ್ಬರು ಹೇಳಬಹುದು, ನಲವತ್ತು ಜನ ಹೇಳಲಾರರು ಎಂಬುದು ಅವನ ತರ್ಕ. ಹಿತ್ತಲ ಗಿಡ ಮದ್ದಲ್ಲ ಅನ್ನುವಂತೆ ಇಪ್ಪತ್ತಾರು ವರ್ಷ ಇಂಥ ದೇವರಂಥ ಮನುಷ್ಯನನ್ನು ಸಿಡುಕ ಎಂದುಕೊಂಡಿದ್ದೆನಲ್ಲ ಎಂದು ತನಗೆ ತಾನೇ ಛೀಮಾರಿ ಹಾಕಿಕೊಂಡ. ಗುಣವೇನೋ ಸಿಕ್ಕಿತು. ಇಷ್ಟು ಸೌಮ್ಯ ಗುಣಕ್ಕೆ ತಕ್ಕ ಕಣ್ಣು ಯಾವುದು ಎಂದು ಅವನು ಹುಡುಕಬೇಕಾಗಿಯೇ ಇರಲಿಲ್ಲ.

ಇತ್ತ ತೆಲಿಗಿಯಲ್ಲಿ ಸುದ್ದಿ ಭೀಮರಾಜನ ಕಿವಿಗೂ ಬಿತ್ತು. ಚಿತ್ರ ಬರೆಯುವವನು ಮುಖ ನೋಡಬೇಕು, ಊರನ್ನೆಲ್ಲ ವಿಚಾರಿಸುತ್ತಾನೆ ಅಂದರೆ ಹೆಣ್ಣೇ ಸೈ ಎಂದು ಅವನೂ ಲೆಕ್ಕ ಹಾಕಿದ. ಆದರೆ ತನ್ನ ಮದುವೆಯ ಮಾತನ್ನು ಗಂಡು ತಾನೇ ಕೇಳುವುದುಂಟೇ? ಕೇಳದೆ ಹರಪನಹಳ್ಳಿಗೆ ಹೋಗಿ ತಲೆಗೆ ಕಪ್ಪು ಹಚ್ಚಿಸಿಕೊಂಡು ಬಂದ. ಅದು ಕಿವಿಗೂ ಸ್ವಲ್ಪ ಹತ್ತಿತ್ತು. ಹುಲುಗಣ್ಣನ ಅಂಗಡಿಗೆ ಬಂದು, ಒಂದು ಚಾ ಕೊಡ್ತೀಯೇನಪ್ಪ ಎಂದು ಮೆಲ್ಲಗೆ ಕೇಳಿದಾಗ ಹುಲುಗಣ್ಣನಿಗೆ ಜ್ವರ ಬಂದ ಹಾಗಾಯಿತು. ದುರುಗೇಶನ ಮೆಕ್ಕೆಜೋಳಕ್ಕೆ ಒಂದು ದಿನ ನೀರೂ ಹರಿಯಿತು, ರಸ್ತೆಯಲ್ಲಿ ಜನ ಓಡಾಡುವ ಹೊತ್ತು ನೋಡಿ. ಜಂಬಕ್ಕ ಮಗಳಿಗೆ ಫೋನ್ ಮಾಡಿ ಊರಿನ ಸುದ್ದಿ ಹೇಳಿ, ಮುಂದೆ ಏನೂ ಕೇಳದೆ ಬರೀ ಅತ್ತಳು. ಗೊತ್ತಾಗುವ ಮೊದಲು ಸಂಬಂಧದ ಮಾತಾಡಿದರೆ ದೃಷ್ಟಿ ತಗಲುತ್ತದೆ ಎಂದು ಶಾಂತಕುಮಾರಿಯೂ ಗಂಡನನ್ನು ಕೇಳಲಿಲ್ಲ. ಮದುವೆಯಾದಾಗಿನಿಂದ ಮೊದಲ ಸಲ ಈ ಮನುಷ್ಯ ಒಂದು ಬುದ್ಧಿವಂತ ಕೆಲಸ ಮಾಡುತ್ತಿದ್ದಾನೆ ಎಂದು ಅವಳು ಅವನ ತಟ್ಟೆಗೆ ತುಪ್ಪ ಹೆಚ್ಚು ಹಾಕತೊಡಗಿದಳು. ಚಿತ್ರ ಬರೆಯುವವನಿಗೆ ಪುಷ್ಟಿ ಬೇಕಲ್ಲ ಎಂದುಕೊಂಡು ಅವನು ತಿಂದ.

ಗೃಹಪ್ರವೇಶದ ದಿನ ತೆಲಿಗಿಗೆ ತೆಲಿಗಿಯೇ ಬಂದಿತ್ತು. ಹುಲುಗಣ್ಣನ ಹೆಂಡತಿಯ ತಂಗಿ, ಬಾಗಳಿಯಲ್ಲಿ ಹೊಲಿಗೆ ಕಲಿಸುವ, ಇನ್ನೂ ಮದುವೆಯಾಗದ ಶಿವಮ್ಮ ಕೂಡ ಅಕ್ಕನ ಜೊತೆ ಬಂದಿದ್ದಳು. ಊಟದ ನಂತರ ಪಾಲಾಕ್ಷಪ್ಪ ಹಳದಿ ಬಟ್ಟೆ ಸುತ್ತಿದ ಎರಡು ಹಲಗೆಗಳನ್ನು ಜಗಲಿಗೆ ತಂದಿಟ್ಟ. ಹೆಣ್ಣಿನ ಫೋಟೋನೇ ದೊಡ್ಡದು ಮಾಡಿಸಿದ್ದಾನೆ ಎಂದು ಜನ ಪಿಸುಗುಟ್ಟಿದರು. ಭೀಮರಾಜ ಕುರ್ಚಿಯಲ್ಲಿ ಮದುಮಗನಂತೆ ತಲೆ ತಗ್ಗಿಸಿದ.

ಪಾಲಾಕ್ಷಪ್ಪ ಗಂಟಲು ಸರಿಮಾಡಿಕೊಂಡು, ಊರೆಲ್ಲ ತಿರುಗಿ ನಲವತ್ತು ಜನರನ್ನು ವಿಚಾರಿಸಿ ತಂದಿದ್ದೇನೆ, ಕಣ್ತುಂಬ ನೋಡಿರಿ ಎಂದು ಬಟ್ಟೆ ಎಳೆದ.

ಒಳಗಿದ್ದದ್ದು ಭೀಮರಾಜ. ಮೀಸೆ ಅವನದೇ, ಕಿವಿ ಅವನದೇ, ಕೆನ್ನೆಯ ನರೂಲಿ ಕೂಡ ಅವನದೇ. ಕಣ್ಣು ಮಾತ್ರ ಈಗಷ್ಟೇ ಕರು ಹಾಕಿದ ಆಕಳಿನದು. ಪಕ್ಕದ ಹಲಗೆಯಲ್ಲಿ ಜಂಬಕ್ಕ ಅಂಥವೇ ಕಣ್ಣಿಂದ ಮಗನನ್ನು ನೋಡುತ್ತಿದ್ದಳು, ಇನ್ನೇನು ನೆಕ್ಕಿಯೇಬಿಡುವ ಹಾಗೆ.

ಜನ ಕತ್ತು ಉದ್ದ ಮಾಡಿ ಎರಡೂ ಹಲಗೆಯಲ್ಲಿ ಹೆಣ್ಣನ್ನು ಹುಡುಕಿದರು. ಕೊನೆಗೆ ಜಂಬಕ್ಕ ಹಲಗೆಯ ಹಿಂದೆ ಬಗ್ಗಿ ನೋಡಿ ಕೇಳಿದಳು.

"ಅಳಿಯಾರ, ಹೆಣ್ಣೆಲ್ಲಿ?"

"ಯಾವ ಹೆಣ್ಣು ಅತ್ತಿ?" ಎಂದ ಪಾಲಾಕ್ಷಪ್ಪ.

ಪಾಲಾಕ್ಷಪ್ಪನಿಗೆ ಹೆಣ್ಣಿನ ಚಿಂತೆ ಇರಲಿಲ್ಲ. ಅವನ ಬ್ರಷ್ಷು, ಹೆಂಡತಿಯ ಮಾನ ಎರಡೂ ಆ ಹಲಗೆಯ ಮೇಲಿದ್ದವು. ಚಿತ್ರ ನೋಡಿ ಗುಣ ಹೇಳಿ ಎಂದು ಜನರನ್ನು ಕೇಳಿದ. ಯಾರೂ ಬಾಯಿ ಬಿಡದಿದ್ದಾಗ ನೋಟ್‌ಬುಕ್ ತೆಗೆದು ಹೆಸರು ಹಿಡಿದು ಓದತೊಡಗಿದ. ಹುಲುಗಣ್ಣ, ಇರುವೆಗೆ ತಪ್ಪಾಯಿತು ಅನ್ನುವವನು ಎಂದಿದ್ದೀರಿ, ಹೌದೋ ಅಲ್ಲವೋ? ಭೀಮರಾಜ ಹುಲುಗಣ್ಣನತ್ತ ತಿರುಗಿ ನೋಡಿದ. ಹುಲುಗಣ್ಣ ಹೌದು, ಚಿತ್ರದಲ್ಲಿ ಆ ಗುಣ ಎದ್ದು ಕಾಣುತ್ತದೆ ಎಂದ. ದುರುಗೇಶ್ ಕೀಲಿಯ ಮಾತಿಗೆ ಹೌದೆಂದ. ಎದುರುಮನೆಯ ಹೆಂಗಸರು ಜಂಬಕ್ಕನ ಮುಖ ನೋಡಿ ಎರಡೆರಡು ಸಲ ಹೌದೆಂದರು. ಹೀಗೆ ಮೂವತ್ತೊಂಬತ್ತು ಸಾಕ್ಷಿ ಮುಗಿದು ಶಾಂತಕುಮಾರಿಯ ಕುತ್ತಿಗೆ ಒಂದೊಂದೇ ಅಂಗುಲ ಮೇಲೇರುತ್ತಿದ್ದಾಗ ಹೆಂಗಸರ ಗುಂಪಿನಿಂದ ನಗು ಕೇಳಿತು. ನಕ್ಕವಳು ಶಿವಮ್ಮ.

"ಅದು ಆಕಳ ಕಣ್ಣು. ಇವರ ಕಣ್ಣು ಹಂಗಿಲ್ಲ. ಸಂತಿ ದಿನ ಹರಪನಹಳ್ಳ್ಯಾಗ ತೂಕದ ಯಂತ್ರದ ಜೋಡಿ ಜಗಳಾಡೋದು ನೋಡೀನಿ. ಮನಿಷಾರ ಜೋಡಿ ಅಲ್ಲ, ಯಂತ್ರದ ಜೋಡಿ. ನೀವೆಲ್ಲಾ ಯಾಕ ಸುಳ್ಳು ಹೇಳ್ತೀರಿ?"

ಹುಲುಗಣ್ಣ ಬೆವರು ಒರೆಸಿಕೊಂಡ. ಮದುವೆಗೆ ವಿಚಾರಿಸುತ್ತಾನೆ ಎಂದುಕೊಂಡು ಹೇಳಿದೆವು, ಬರೀ ಚಿತ್ರಕ್ಕೆ ಎಂದು ತಿಳಿದಿದ್ದರೆ ಖರೆ ಗುಣವನ್ನೇ ಹೇಳುತ್ತಿದ್ದೆವಲ್ಲ ಎಂದು ಅವನು ಒಪ್ಪಿಕೊಂಡ. ಆಮೇಲೆ ಆ ಕೊನೆಯ ಮಾತು ಆಡಬಾರದಿತ್ತು ಅನ್ನಿಸಿ ಕಂಬದ ಹಿಂದೆ ಸರಿದ.

ಜನ ಹಿಂದೆ ಸರಿದರು. ತಿಳಿದವರು ಭೀಮರಾಜನ ಕೈಗೆ ಎಟಕುವ ಲೋಟಗಳನ್ನೆಲ್ಲ ಎತ್ತಿಟ್ಟರು. ಪಾಲಾಕ್ಷಪ್ಪ ಹೆಂಡತಿಯ ಕಡೆ ನೋಡದೆ, ಅಂಗಿಯ ಜೇಬಿನಿಂದ ಬ್ರಷ್ ತೆಗೆದು ಎರಡೂ ಕೈಯಲ್ಲಿ ಭೀಮರಾಜನಿಗೆ ಚಾಚಿ, ದನ ಎಲ್ಲಿ ಕಟ್ಟಿದ್ದೀ ಎಂದು ಕೇಳಿದ.

ಭೀಮರಾಜ ಬ್ರಷ್ ನೋಡಲಿಲ್ಲ. ಕಪ್ಪು ಹತ್ತಿದ ಕಿವಿಯೊಂದಿಗೆ ಎದ್ದು ಹೋಗಿ ತನ್ನ ಚಿತ್ರದ ಮುಂದೆ ನಿಂತ. ಹೆಣ್ಣು ಇಲ್ಲ ಅಂತಾಯಿತು, ಇದ್ದ ಒಳ್ಳೆ ಹೆಸರೂ ಸುಳ್ಳು ಅಂತಾಯಿತು. ಅವನಿಗೆ ಬಹಳ ನೋವಾಗಿತ್ತು.

"ಇಂವ ಚೊಲೋ ಮನಿಷಾ ಇದ್ದಂಗ ಕಾಣ್ತಾನ" ಎಂದ, ತನ್ನ ಚಿತ್ರಕ್ಕೇ. ಆಮೇಲೆ ಶಿವಮ್ಮನ ಕಡೆ ತಿರುಗಿ, ನಿಮ್ಮದು ಯಾವ ಊರು ಎಂದು ಕೇಳಿದ. ಬಾಗಳಿ ಎಂದಳು. ಇಪ್ಪತ್ತು ವರ್ಷದಲ್ಲಿ ಅವನ ಮುಖಕ್ಕೆ ಮುಖ ಕೊಟ್ಟು ಖರೆ ಮಾತು ಹೇಳಿದ ಮೊದಲ ವ್ಯಕ್ತಿ ಅವಳು. ಭೀಮರಾಜ ಭಾವನನ್ನು ತೋಳು ಹಿಡಿದು ಹೊಸ ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದ.

"ಬ್ರಷ್ ಇಟ್ಕೊಳ್ರಿ ಭಾವ. ಕರಾರು ಮುಗಿದಿಲ್ಲ. ಬಾಗಳಿಗೆ ಹೋಗಿ ವಿಚಾರಿಸ್ರಿ. ಒಂದು ಚಿತ್ರ ಬರ್ಕೊಂಡು ಬರ್ರಿ. ಮಂದಿ ಗುಣ ಹೇಳಿದ್ರೋ, ಅವತ್ತು ನೋಡೂಣು ದನ ಯಾರು ಕಾಯ್ತಾರಂತ."

ಹೀಗೆ ಪಾಲಾಕ್ಷಪ್ಪ ಅದೇ ಬಿಳಿ ಅಂಗಿಯಲ್ಲಿ ಬಾಗಳಿಗೆ ಹೋದ. ಈ ಸಲ ನಿಜವಾಗಿಯೂ ಹೆಣ್ಣು ವಿಚಾರಿಸಲಿಕ್ಕೆ. ಆದರೆ ತೆಲಿಗಿಯ ಕಥೆ ಅವನಿಗಿಂತ ಮೊದಲೇ ಬಾಗಳಿ ಸೇರಿ, ಕಲ್ಲೇಶ್ವರನ ಗುಡಿಯ ಮುಂದೆ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕು ಮುಗಿಸಿದ್ದರು. ಅವನು ನೋಟ್‌ಬುಕ್ ತೆಗೆದು ಶಿವಮ್ಮನ ಗುಣ ಹೇಗೆ ಎಂದು ಕೇಳಿದ್ದೇ ತಡ, ಚಿತ್ರಕ್ಕೆ ತಾನೇ, ಬರೆದುಕೊಳ್ಳಿ ಎಂದರು. ಅಲ್ಲ, ಇದು ಮದುವೆಯ ವಿಚಾರ ಎಂದು ಅವನು ಕೈ ಮುಗಿದು ಹೇಳಿದ. ತೆಲಿಗಿಯವರ ಹಾಗೆ ನಾವು ಮೋಸ ಹೋಗುವವರಲ್ಲ ಎಂದು ಅವರು ಇನ್ನೂ ನಕ್ಕರು. ಚಿತ್ರಕ್ಕೆ ಆದ್ದರಿಂದ ಯಾರೂ ಏನೂ ಮುಚ್ಚಿಡಲಿಲ್ಲ.

ಹಾಲಿನವನು ಬಂದು, ಅವಳು ಕ್ಯಾನಿನಲ್ಲಿ ಬೆರಳು ಅದ್ದಿ ನೋಡಿ ಯಾವ ಬಾವಿಯ ನೀರು ಎಂದು ಹೇಳುತ್ತಾಳೆ ಅಂದ. ನೋಡಲು ಬಂದ ಗಂಡು ಒಂದು ಹಾಡು ಹೇಳು ಅಂದಾಗ, ಮೊದಲು ನೀವು ಹೇಳಿ, ತಾಳ ತಪ್ಪಿದರೆ ತಿದ್ದುತ್ತೇನೆ ಅಂದಿದ್ದಳಂತೆ. ಊರಲ್ಲಿ ನಿಲ್ಲಿಸದೆ ಓಡಿಸಿಕೊಂಡು ಹೋದ ಬಸ್ಸಿಗೆ ಮರುದಿನ ಅಡ್ಡ ನಿಂತು, ಕಂಡಕ್ಟರನಿಂದ ಎಲ್ಲ ಪ್ರಯಾಣಿಕರ ಎದುರು ತಪ್ಪಾಯಿತು ಅನ್ನಿಸಿದ್ದಳು. ಅವಳ ಸ್ವಂತ ಅಣ್ಣ ಗಾದಿಲಿಂಗಪ್ಪ ಕೂಡ, ಮನೆಯಲ್ಲಿ ಕುಕ್ಕರ್ ಇಟ್ಟಿದ್ದೇವೆ, ಅವಳ ಎದುರು ಅದೂ ಕೂಗುವುದಿಲ್ಲ ಎಂದು ಬರೆಸಿದ. ಮದುವೆಗೆ ಎಂದು ನಂಬಿದ್ದರೆ ಅವನೇ ಅವಳನ್ನು ಆಕಳು ಮಾಡುತ್ತಿದ್ದ.

ಅಷ್ಟರಲ್ಲಿ ಶಿವಮ್ಮನೇ ಬಂದಳು. ಕುತ್ತಿಗೆಯಲ್ಲಿ ಅಳತೆ ಪಟ್ಟಿ, ಕೈ ಸೊಂಟದ ಮೇಲೆ.

"ನನ್ನ ಬಗ್ಗೆ ಬರ್ಕೊಂಡಿದ್ದು ಓದ್ರಿ" ಎಂದಳು. ಪಾಲಾಕ್ಷಪ್ಪ ಪೂರ್ತಿ ಓದಿದ. ಅವಳು ಕೇಳಿ, ಬಸ್ಸಿನ ದಿನ ಮಂಗಳವಾರ ಅಲ್ಲ ಬುಧವಾರ ಎಂದು ಒಂದೇ ತಿದ್ದುಪಡಿ ಮಾಡಿ, ಇದು ಖರೇನೇ ಮದುವೆಯ ವಿಚಾರವೋ ಎಂದು ಕೇಳಿದಳು. ಅವನು ಹೌದೆಂದ. ಇಷ್ಟೂ ಓದಿದ ಮೇಲೆ ಆ ಮನುಷ್ಯ ಏನನ್ನುತ್ತಾರೋ ಬಂದು ಹೇಳಿ ಎಂದು ಅವಳು ಎದುರಿಗೆ ನಿಂತೇ ಇದ್ದಳು. ಪಾಲಾಕ್ಷಪ್ಪ ಆ ಕಣ್ಣು ನೋಡಿದ. ಅದು ಆಕಳಿನದಲ್ಲ, ಸಿಂಹದ್ದಲ್ಲ, ಹದ್ದಿನದೂ ಅಲ್ಲ. ಅವನಿಗೆ ಬರುವ ನಾಲ್ಕು ಚಿತ್ರದಲ್ಲಿ ಎಲ್ಲೂ ಇಲ್ಲದ ಕಣ್ಣು.

ಕೊಟ್ಟೂರಿಗೆ ಬಂದು ಹನ್ನೊಂದು ದಿನ ಅದೊಂದೇ ಕಣ್ಣು ಬರೆದ, ಅಳಿಸಿದ, ಬರೆದ. ಟ್ರೇಲರಿನವರು ಬಂದು ಕಾದು ಬೈದು ಹೋದರು. ಹನ್ನೆರಡನೆಯ ದಿನ ಹಲಗೆ ಎತ್ತಿಕೊಂಡು ಹೆಂಡತಿಯ ಜೊತೆ ತೆಲಿಗಿಯ ಬಸ್ ಹತ್ತಿದ. ಬಸ್ ಕಿಕ್ಕಿರಿದಿತ್ತು. ನೂಕಾಟದಲ್ಲಿ ಸುತ್ತಿದ ಬಟ್ಟೆ ಜಾರಿತು. ಜನರನ್ನು ಒಳಗೆ ಒಳಗೆ ಎಂದು ಬೈಯುತ್ತ ಬಂದ ಕಂಡಕ್ಟರನಿಗೆ ಹಲಗೆಯ ಮುಖ ಎದುರಾಯಿತು. ಅವನ ಬಾಯಲ್ಲಿದ್ದ ಬೈಗುಳ ಹಾಗೇ ನಿಂತಿತು.

"ಇವರನ್ನ ನಿಲ್ಲಿಸಬ್ಯಾಡ್ರಪ್ಪ" ಎಂದು ಮುಂದಿನ ಸೀಟಿನವನನ್ನು ಎಬ್ಬಿಸಿ, ಚಿತ್ರವನ್ನು ಕಿಟಕಿಯ ಪಕ್ಕ ಕೂರಿಸಿ, ಪ್ರತಿ ಊರಿನಲ್ಲೂ ಮರೆಯದೆ ಬಸ್ ನಿಲ್ಲಿಸಿದ. ಶಾಂತಕುಮಾರಿ ನಿಂತೇ ಬಂದಳು. ಬಂದಷ್ಟು ದೂರವೂ ನಗುತ್ತ ಬಂದಳು.

ತೆಲಿಗಿಯಲ್ಲಿ ಕೇಳುವ ಕೆಲಸವೇ ಬೀಳಲಿಲ್ಲ. ಹುಲುಗಣ್ಣ ಚಿತ್ರ ಕಂಡೊಡನೆ, ಇವಳ ಮುಂದೆ ತೂಕ ತಪ್ಪುವ ಹಾಗಿಲ್ಲ ನೋಡಪ್ಪ ಎಂದ. ಜಂಬಕ್ಕ ಕೋಳಿಗೆ ಬೈಯುವುದನ್ನು ಅರ್ಧಕ್ಕೆ ಬಿಟ್ಟು ಸೆರಗು ಹೊದ್ದುಕೊಂಡಳು. ಭೀಮರಾಜ ಕೂತು ನೋಟ್‌ಬುಕ್ಕಿನ ಬಾಗಳಿಯ ಪುಟಗಳನ್ನು ಮೊದಲಿಂದ ಕೊನೆಯವರೆಗೆ ಓದಿಸಿಕೊಂಡ. ಕುಕ್ಕರಿನ ಮಾತನ್ನು ಎರಡು ಸಲ ಓದಿಸಿದ. ಆಮೇಲೆ ಎದ್ದು, ಗೋಡೆಯಲ್ಲಿ ನಗುತ್ತಿದ್ದ ಆಕಳ ಕಣ್ಣಿನ ಭೀಮರಾಜನ ಪಕ್ಕದಲ್ಲೇ ಮೊಳೆ ಹೊಡೆದು ಅವಳ ಚಿತ್ರ ತೂಗುಹಾಕಿದ. ಎರಡು ಹೆಜ್ಜೆ ಹಿಂದೆ ಬಂದು ನೋಡಿದ. ಅವನಿಗೆ ಏನನ್ನಿಸಿತೋ, ಅಂಗಿ ಎತ್ತಿ ಉಡದಾರದಿಂದ ಸ್ಟಾರ್ಟರ್ ಡಬ್ಬಿಯ ಕೀಲಿ ಬಿಚ್ಚಿ, ಅವಳ ಚಿತ್ರದ ಕೆಳಗೆ ಇನ್ನೊಂದು ಮೊಳೆ ಹೊಡೆದು ಅದಕ್ಕೆ ಹಾಕಿದ. ಬಾಗಿಲಲ್ಲಿ ನಿಂತಿದ್ದ ದುರುಗೇಶ್ ಕಣ್ಣು ಕತ್ತಲಾಗಿ ಹೊಸ್ತಿಲ ಮೇಲೆ ಕೂತ.

ಮುಂದಿನ ವಾರ ಬಾಗಳಿಯಲ್ಲಿ ಮಾತುಕತೆಗೆ ಕೂತಾಗ ಗಾದಿಲಿಂಗಪ್ಪ ಪಾಲಾಕ್ಷಪ್ಪನನ್ನು ತೋರಿಸಿ ಇವರು ಯಾರು ಎಂದು, ಗೊತ್ತಿದ್ದೂ ಪದ್ಧತಿಗಾಗಿ ಕೇಳಿದ. ಭೀಮರಾಜ ಎದ್ದು ನಿಂತ. ಊರಿನ ಹಿರಿಯರೆಲ್ಲ ಇದ್ದರು. ಒಳಗಿನಿಂದ ಶಿವಮ್ಮ ನೋಡುತ್ತಿದ್ದಳು, ಹೆಂಗಸರ ನಡುವೆ ಶಾಂತಕುಮಾರಿ ಕೂತಿದ್ದಳು.

"ಇವರು ನಮ್ಮ ಭಾವ" ಎಂದ ಭೀಮರಾಜ. "ಚಿತ್ರಗಾರರು."

ಅವತ್ತು ಮನೆಗೆ ಬಂದವಳೇ ಶಾಂತಕುಮಾರಿ ಮುಖ ತೊಳೆದು, ರೇಷ್ಮೆ ಸೀರೆಯನ್ನು ಬಿಚ್ಚದೆ, ಕುರ್ಚಿ ಎಳೆದುಕೊಂಡು ಗಂಡನ ಎದುರಿಗೆ ಕೂತಳು. ಈಗ ನನ್ನದು ಬರೀರಿ ಎಂದಳು. ಪಾಲಾಕ್ಷಪ್ಪ ಸಂತೋಷದಿಂದ ನೋಟ್‌ಬುಕ್ಕಿನ ಹೊಸ ಪುಟ ತೆರೆದು, ನಿನ್ನ ಬಗ್ಗೆ ಯಾರ್‍ಯಾರನ್ನು ವಿಚಾರಿಸಲಿ ಎಂದು ಕೇಳಿದ.

ಶಾಂತಕುಮಾರಿ ನೋಟ್‌ಬುಕ್ ಕಸಿದುಕೊಂಡು ಒಲೆಗೆ ಹಾಕಿದಳು. ಪಾಲಾಕ್ಷಪ್ಪ ಅವಳ ಕಣ್ಣು ನೋಡಿ, ಬೇಗ ಬೇಗ ಬ್ರಷ್ ಎತ್ತಿಕೊಂಡ.